ಮಳೆ ಹೇಳುವ ಮುಗುಡು

ಸೆವರಿನ್ ತಾವ್ರೊ ಅವರ ಮನೆಗೆ ಎಂಟು ತಿಂಗಳಿಂದ ಗ್ಯಾಸ್ ಸಿಲಿಂಡರಿನವನ ಹೊರತು ಬೇರೆ ಯಾರೂ ಬಂದಿರಲಿಲ್ಲ. ಅವನೂ ಈಚೆಗೆ ಸಿಲಿಂಡರನ್ನು ಬಾಗಿಲ ಹೊರಗೇ ಇಟ್ಟು, ಬೆಲ್ ಒತ್ತಿ, ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದ. ಯಾಕೆಂದರೆ ಒಮ್ಮೆ ಸೆವರಿನ್ನರು ಅವನನ್ನು ಕೂರಿಸಿ, ಚಹಾ ಕೊಟ್ಟು, ಮುಕ್ಕಾಲು ಗಂಟೆ ಮಾತಾಡಿದ್ದರು.

ಅವರ ಮನೆ ಕದ್ರಿಯ ‘ಸಾಗರ್ ದರ್ಶನ್’ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ, ತಾರಸಿಯ ಸರೀ ಕೆಳಗೆ. ಹೆಸರಿನಲ್ಲಿರುವ ಸಾಗರ ಅಲ್ಲಿ ಯಾವ ಮಹಡಿಗೂ ಕಾಣುವುದಿಲ್ಲ; ಕಾಣುವುದು ಎದುರಿನ ಅಪಾರ್ಟ್‌ಮೆಂಟಿನವರ ಒಗೆದ ಬಟ್ಟೆ. ಹೆಂಡತಿ ಒಲಿಂಡಾ ಮಸ್ಕತ್ತಿನಲ್ಲಿ ನರ್ಸು, ವರ್ಷಕ್ಕೊಂದು ತಿಂಗಳು ಊರಿಗೆ ಬರುವಾಕೆ. ಮಕ್ಕಳಿಲ್ಲ. ಸೆವರಿನ್ನರಿಗೆ ಹಗಲಿಡೀ ಬಲ್ಮಠದ ಕಾಲೇಜೊಂದರ ಲೈಬ್ರರಿಯಲ್ಲಿ ‘ಮಾತಾಡಬೇಡಿ’ ಎಂಬ ಬೋರ್ಡಿನ ಅಡಿಯಲ್ಲಿ ಕೂರುವ ಕೆಲಸ. ಸಂಜೆ ಮನೆಗೆ ಬಂದರೆ ಬೋರ್ಡು ಇಲ್ಲ, ಮಾತಾಡಲು ಜನವೂ ಇಲ್ಲ.

“ಮೊನ್ನೆ ನೀನು ಫ್ರಿಜ್ಜಿನ ಹತ್ರ ಮಾತಾಡ್ತಾ ಇದ್ದದ್ದು ನನಗೆ ಫೋನಲ್ಲಿ ಕೇಳಿತು,” ಎಂದು ಒಂದು ದಿನ ಒಲಿಂಡಾ ಹೇಳಿದಳು. “ಎಂತಾದ್ರೂ ಒಂದು ಪ್ರಾಣಿ ಸಾಕು ಮಾರಾಯ.”

ನಾಯಿಗೆ ಅಪಾರ್ಟ್‌ಮೆಂಟಿನಲ್ಲಿ ಅನುಮತಿ ಇಲ್ಲ. ಬೆಕ್ಕಿಗೆ ಸೆವರಿನ್ನರ ಮೂಗು ಒಪ್ಪುವುದಿಲ್ಲ. ಕೊನೆಗೆ ಹಂಪನಕಟ್ಟೆಯ ಒಂದು ಮೀನಿನ ಅಂಗಡಿಗೆ ಹೋದರು. ಬಂಗಾರದ ಬಣ್ಣದವು, ಬಾಲ ಬೀಸುವವು ಎಲ್ಲ ಇದ್ದವು. ಅವರ ಕಣ್ಣು ಹೋದದ್ದು ಮೂಲೆಯ ತೊಟ್ಟಿಯಲ್ಲಿ ಕಲ್ಲಿಗೊರಗಿ ಕೂತಿದ್ದ, ಬೆರಳುದ್ದದ, ಕಂದು ಚುಕ್ಕೆಯ, ಮೀಸೆಯಿರುವ ಒಂದರ ಮೇಲೆ.

“ಅದು ಕ್ಯಾಟ್‌ಫಿಶ್ ಸರ್. ಎಂತ ಕಿರಿಕಿರಿ ಇಲ್ಲ. ಬೇರೆ ಮೀನು ತಿಂದು ಬಿಟ್ಟದ್ದನ್ನು ತಿಂದ್ಕೊಂಡು ಮೂಲೆಯಲ್ಲಿ ಇರ್ತದೆ,” ಎಂದ ಅಂಗಡಿಯವ.

ತನ್ನ ಬಗ್ಗೆಯೇ ಯಾರೋ ಹೇಳಿದ ಹಾಗಾಗಿ ಸೆವರಿನ್ನರು ಅದೊಂದನ್ನೇ ಕೊಂಡರು. ಬೇರೆ ಮೀನುಗಳನ್ನು ಕೊಳ್ಳಲು ಮರೆತರು. ಜೊತೆಗೆ ಗಾಜಿನ ತೊಟ್ಟಿ, ಗುಳುಗುಳು ಗಾಳಿ ಬಿಡುವ ಒಂದು ಸಣ್ಣ ಪಂಪು ಮತ್ತು ಅಡಗಲು ಅರ್ಧ ತೆಂಗಿನ ಗೆರಟೆ.

ಮೀನು ಗೆರಟೆಯೊಳಗೆ ಹೋದದ್ದು ಹೋಯಿತು. ಹೊಸ ಮೀನಿನ ನಡವಳಿಕೆ ಅರ್ಥಮಾಡಿಕೊಳ್ಳಬೇಕೆಂದು ಸೆವರಿನ್ನರು ಒಂದು ನೋಟ್‌ಬುಕ್ಕು ತೆರೆದರು. ಲೈಬ್ರರಿಯವರಲ್ಲವೇ, ಬರೆದಿಡದ ಯಾವುದನ್ನೂ ನಂಬುವವರಲ್ಲ. ‘ದಿನ ಒಂದು: ಗೆರಟೆಯೊಳಗೆ. ದಿನ ಎರಡು: ಗೆರಟೆಯೊಳಗೆ. ದಿನ ಮೂರು: ಮೀಸೆ ಅಲ್ಲಾಡಿತು, ನೀರಿನ ಸೆಳೆತಕ್ಕೂ ಇರಬಹುದು.’ ಲೈಬ್ರರಿಯಲ್ಲಿ ಮೀನು ಸಾಕುವ ಪುಸ್ತಕವೊಂದು ಸಿಕ್ಕಿತು. ಹೊಸ ಮೀನು ಅಡಗಿಕೊಳ್ಳುವುದು ಸಹಜ, ಅದನ್ನು ಅದರ ಪಾಡಿಗೆ ಬಿಡಿ ಎಂದು ಅದರಲ್ಲಿತ್ತು. ಸೆವರಿನ್ನರು ಹಾಗೆಯೇ ಬಿಟ್ಟು, ಎದುರು ಕುರ್ಚಿ ಹಾಕಿಕೊಂಡು ಹನ್ನೊಂದು ದಿನ ಕಾದರು. ರಾತ್ರಿ ಊಟವನ್ನೂ ಅಲ್ಲಿಯೇ ಮಾಡತೊಡಗಿದರು. ಬಂಗುಡೆ ಮೀನಿನ ಸಾರು ಮಾತ್ರ ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ತಿನ್ನುತ್ತಿದ್ದರು, ಮರ್ಯಾದೆಯ ಪ್ರಶ್ನೆ.

ಹನ್ನೆರಡನೇ ದಿನ ಸಂಜೆ ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ಎದುರು ಮನೆಯ ಸುಂದರಿಯಕ್ಕ ಕ್ಯಾಂಡಲ್ ಉಂಟಾ ಎಂದು ಕೇಳಲು ಬಂದವರು ಮೊಬೈಲಿನ ಬೆಳಕಿನಲ್ಲಿ ತೊಟ್ಟಿಯನ್ನು ನೋಡಿದರು. ಮೀನು ಗೆರಟೆಯಿಂದ ಹೊರಬಿದ್ದಿತ್ತು. ಸರ್ರನೆ ಮೇಲೆ ಬಂದು, ನೀರಿನ ಹೊರಗೆ ಬಾಯಿ ಹಾಕಿ, ತಿರುಗಿ ಕೆಳಗೆ. ಮತ್ತೆ ಮೇಲೆ, ಮತ್ತೆ ಕೆಳಗೆ.

“ಇದು ಮುಗುಡು ಅಲ್ವಾ?” ಎಂದರು ಸುಂದರಿಯಕ್ಕ. ಬಂಟ್ವಾಳದ ಕಡೆಯ ಗದ್ದೆಮನೆಯಲ್ಲಿ ಹುಟ್ಟಿದವರು. “ನಮ್ಮಲ್ಲಿ ಮೊದಲ ಮಳೆಗೆ ಮುಗುಡು ಗದ್ದೆಯಿಂದ ಹತ್ತಿ ರಸ್ತೆಗೆ ಬರ್ತಾ ಇತ್ತು. ನಾವು ಬಕೆಟ್ ಹಿಡ್ಕೊಂಡು ಓಡ್ತಾ ಇದ್ದೆವು. ಅದಕ್ಕೆ ಮಳೆ ಮೊದಲೇ ಗೊತ್ತಾಗ್ತದೆ. ನೋಡಿ ನೀವು, ಈಗ ಬರ್ತದೆ.”

ಅರ್ಧ ಗಂಟೆಯಲ್ಲಿ ಗುಡುಗು ಸಮೇತ ಮಳೆ ಬಂತು. ಸುಂದರಿಯಕ್ಕ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಆ ವಾರ ಇನ್ನೂ ಎರಡು ಸಲ ಹಾಗೆಯೇ ಆಯಿತು. ಮೇ ಕೊನೆಯ ವಾರ. ಯಾರದ್ದೋ ಹಲಸಿನ ಹಪ್ಪಳ ತಾರಸಿಯಲ್ಲಿ, ಯಾರದ್ದೋ ಹಾಸಿಗೆ ಬಿಸಿಲಿಗೆ. ಸರ್ಕಾರದ ಹವಾಮಾನದವರಿಗಿಂತ ನಾಲ್ಕನೇ ಮಹಡಿಯ ಮೀನು ಹತ್ತಿರ ಎಂದು ಜನ ಮೆಟ್ಟಿಲು ಹತ್ತತೊಡಗಿದರು.

ಸೆವರಿನ್ನರ ಜೀವನದಲ್ಲಿ ಹಬ್ಬ ಬಂದ ಹಾಗಾಯಿತು. ಒಲಿಂಡಾ ಶೋಕೇಸಿನಲ್ಲಿ ಬೀಗ ಹಾಕಿಟ್ಟಿದ್ದ ಕಪ್ಪುಗಳು ಹೊರಬಂದವು. ಖಾರಕಡ್ಡಿಯ ಪೊಟ್ಟಣಗಳು ಬಂದವು. ಬಂದವರು ಮೀನಿಗೂ ಪ್ರೀತಿಯಿಂದ ಬಿಸ್ಕಿಟಿನ ಚೂರು ಹಾಕಿ ಹೋಗುತ್ತಿದ್ದರು, ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನೋಟ್‌ಬುಕ್ಕಿನಲ್ಲೂ ದಾಖಲೆ ಬದಲಾಯಿತು: ‘ದಿನ ಹತ್ತೊಂಬತ್ತು: ಒಂಬತ್ತು ಜನ. ಸುಂದರಿಯಕ್ಕ ಎರಡು ಸಲ.’ ಮೀನಿನ ವಿಚಾರ ಬರೆಯಲು ಅವರಿಗೆ ಆ ದಿನ ಪುರುಸೊತ್ತಾಗಲಿಲ್ಲ.

ಇಷ್ಟೆಲ್ಲ ಆದಮೇಲೆ ಬಂದದ್ದು ಆ ಶನಿವಾರ.

ಬೆಳಿಗ್ಗೆ ಏಳಕ್ಕೆ ಒಲಿಂಡಾಳ ಫೋನು ಬಂತು. ಅವಳ ಮಾತು ಯಾವಾಗಲೂ ಶುರುವಾಗುವುದು ಒಂದೇ ಥರ.

“ಕೇಳ್ತದಾ? ಕಾಂಟ್ರಾಕ್ಟಿಗೆ ಇವತ್ತು ಕೊನೇ ದಿನ. ಸೈನ್ ಹಾಕಿದ್ರೆ ಇನ್ನು ಎರಡು ವರ್ಷ. ಹಾಕದಿದ್ರೆ ಜೂನ್ ಕೊನೆಗೆ ಬಂದುಬಿಡ್ತೇನೆ. ನೀನು ಎಂತ ಹೇಳ್ತಿ?”

ಈ ಪ್ರಶ್ನೆ ಬರುವುದೆಂದು ಸೆವರಿನ್ನರಿಗೆ ಒಂದು ತಿಂಗಳಿಂದ ಗೊತ್ತಿತ್ತು. ಉತ್ತರವನ್ನೂ ಕನ್ನಡಿಯೆದುರು ಅಭ್ಯಾಸ ಮಾಡಿದ್ದರು. ‘ಬಾ’ ಎಂಬ ಒಂದೇ ಅಕ್ಷರದ ಉತ್ತರ. ಹಿಂದಿನ ಮೂರು ಕಾಂಟ್ರಾಕ್ಟಿನ ಸಲವೂ ಅವರು ಅದನ್ನೇ ಹೇಳಬೇಕೆಂದಿದ್ದು, ಕೊನೆಗೆ “ನಿನಗೆ ಸರಿ ಕಂಡ ಹಾಗೆ ಮಾಡು, ನಾನು ಆರಾಮ ಇದ್ದೇನೆ,” ಎಂದಿದ್ದರು. ಈ ಸಲ ಹಾಗಾಗಬಾರದು. ಅವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬೆಲ್ ಹೊಡೆಯಿತು.

“ಯಾರೋ ಬಂದ್ರು,” ಎಂದರು.

“ನಮ್ಮ ಮನೆಗೆ?” ಒಲಿಂಡಾಳಿಗೆ ಆಶ್ಚರ್ಯ. “ಹಾಗಾದ್ರೆ ನೋಡು. ನಾನು ಡ್ಯೂಟಿಗೆ ಹೋಗ್ತೇನೆ, ಫೋನ್ ಲಾಕರಿನಲ್ಲಿರ್ತದೆ. ನಿನ್ನಲ್ಲಿ ರಾತ್ರಿ ಎಂಟೂಕಾಲು ಆಗುವಾಗ ಮಾಡ್ತೇನೆ. ಅಷ್ಟರಲ್ಲಿ ಯೋಚನೆ ಮಾಡಿ ಇಡು.”

ಬಾಗಿಲಲ್ಲಿದ್ದವರು ಮೂರನೇ ಮಹಡಿಯ ವಿಲ್ಲಿ. ಚರ್ಚಿನ ಲೆಕ್ಕದಲ್ಲಿ ಆ ವಠಾರಕ್ಕೆ ಗುರಿಕಾರರು, ಎಂದರೆ ಮುಖಂಡರು, ದೊಡ್ಡ ಜನ. ಅವರ ಮಗಳು ಶರೊನ್‌ಗೆ ಸೋಮವಾರ ಮದುವೆ, ಆ ಸಂಜೆ ತಾರಸಿಯ ಮೇಲೆ ರೋಸ್. ರೋಸ್ ಎಂದರೆ ಮದುಮಗಳನ್ನು ಕೂರಿಸಿ, ಬಂಧುಬಳಗವೆಲ್ಲ ಸಾಲಾಗಿ ಬಂದು ತಲೆಗೆ ತೆಂಗಿನ ಹಾಲು ಹಾಕುವ ಶಾಸ್ತ್ರ. ಸೆವರಿನ್ನರಿಗೆ ಅದರ ಕಾರ್ಡು ಎರಡು ವಾರದ ಹಿಂದೆ ಬಾಗಿಲಿನ ಅಡಿಯಿಂದ ಜಾರಿ ಬಂದಿತ್ತು.

“ಸೆವ್ರಿನಾ, ನಿನ್ನ ಮೀನು ಎಂತ ಹೇಳ್ತದೆ?” ಎಂದು ವಿಲ್ಲಿ ನೇರ ತೊಟ್ಟಿಯ ಹತ್ತಿರ ಹೋದರು.

“ಗೆರಟೆಯೊಳಗೆ ಉಂಟು ವಿಲ್ಲಿಯಾಬ್. ಎಂತ ಹೇಳಲಿಲ್ಲ.”

“ನನಗೆ ಮಧ್ಯಾಹ್ನ ಎರಡು ಗಂಟೆಯೊಳಗೆ ಗೊತ್ತಾಗ್ಬೇಕು. ಇಲ್ಲದಿದ್ರೆ ಆ ಶಿಹಾಬ್ ಬಿಡುವುದಿಲ್ಲ.”

ಶಾಮಿಯಾನದ ಶಿಹಾಬ್ ಹಿಂದೆಯೇ ಬಂದಿದ್ದ. ಅವನ ಹತ್ತಿರ ತಾರಸಿ ಪೂರ್ತಿ ಮುಚ್ಚುವ ಶೀಟು ಇದ್ದದ್ದು ಒಂದೇ ಸೆಟ್ಟು. “ಉಳ್ಳಾಲದ ಪಾರ್ಟಿಯವರು ಅದಕ್ಕೇ ಕಾಯ್ತಾ ಇದ್ದಾರೆ ವಿಲ್ಲಿಯಣ್ಣ. ನೀವು ಬೇಕು ಅಂತ ಹೇಳಿದ್ರೆ ಹಾಕ್ತೇನೆ, ಬೇಡ ಅಂತ ಹೇಳಿದ್ರೆ ಕೊಂಡೋಗ್ತೇನೆ. ಆಮೇಲೆ ಫೋನ್ ಮಾಡಿದ್ರೆ ನನ್ನ ಹತ್ರ ಎಂತದೂ ಇಲ್ಲ,” ಎಂದ.

ಶೀಟು ಹಾಕಿಸಿಬಿಟ್ಟರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ವಿಲ್ಲಿಯ ಭಾವ ರುಡೊಲ್ಫ್ ಮುಂಬೈಯಿಂದ ಡ್ರೋನ್ ತಂದಿದ್ದ. “ಶೀಟು ಹಾಕಿದ್ರೆ ಮೇಲಿಂದ ಎಂತ ತೆಗೆಯುವುದು? ಶೀಟನ್ನಾ?” ಎಂಬುದು ಅವನ ವಾದ. ಎರಡು ದಿನದಿಂದ ಆ ಮನೆಯಲ್ಲಿ ಇದೇ ಚರ್ಚೆ.

ಹೋಗುವಾಗ ವಿಲ್ಲಿ ಸೆವರಿನ್ನರ ಹೆಗಲ ಮೇಲೆ ಕೈಯಿಟ್ಟರು. “ಸಂಜೆ ನೀನು ಹಿಂದೆ ಎಲ್ಲಿಯೋ ನಿಲ್ಲಬೇಡ. ನಮ್ಮ ಮನೆಯವರ ಸಾಲಿನಲ್ಲಿಯೇ ಬಂದು ಶರೊನ್‌ಗೆ ರೋಸ್ ಹಾಕು. ಒಲಿಂಡಾ ಇಲ್ಲದಿದ್ರೆ ಎಂತಾಯ್ತು, ನೀನು ನಮ್ಮವನೇ.”

ಬಾಗಿಲು ಹಾಕಿಕೊಂಡ ಸೆವರಿನ್ನರು ನೇರ ಹೋಗಿ ಕಪಾಟು ತೆರೆದರು. ಆಮೇಲೆ ಮದುವೆಗೆಂದು ಇಟ್ಟಿದ್ದ ಬಿಳಿ ಶರ್ಟನ್ನು ಎರಡು ಸಲ ಇಸ್ತ್ರಿ ಮಾಡಿದರು.

ಹನ್ನೊಂದರ ಹೊತ್ತಿಗೆ ಹಾಲ್‌ನಲ್ಲಿ ಹದಿನಾಲ್ಕು ಜನ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ತೊಟ್ಟಿಯಲ್ಲಿ ಮೀಸೆಯ ಒಂದು ತುದಿ. ಸುಂದರಿಯಕ್ಕ ಕೈಯಲ್ಲಿದ್ದ ನೆವ್ರಿ ಎಂಬ ಕರಿಗಡುಬಿನ ಅರ್ಧವನ್ನು ಪುಡಿಮಾಡಿ ನೀರಿಗೆ ಹಾಕಿದರು. ರುಡೊಲ್ಫ್ ಗಾಜಿಗೆ ಬೆರಳಿನಿಂದ ತಟ್ಟಿದ. ಯಾರೋ ಗೆರಟೆಯನ್ನು ಸ್ಕೇಲಿನಿಂದ ಎತ್ತಿ ನೋಡುವ ಅಂದರು, ಸೆವರಿನ್ನರು ಅಡ್ಡ ಬಂದರು.

“ನಿಮ್ಮ ಮೀನಿಗೆ ಮೂಡ್ ಇಲ್ಲ ಅಂಕಲ್,” ಎಂದ ರುಡೊಲ್ಫ್. ಅವನಿಗೂ ಸೆವರಿನ್ನರಿಗೂ ಹೆಚ್ಚೆಂದರೆ ಏಳು ವರ್ಷದ ಅಂತರ. “ಇಲ್ಲಿ ಪ್ಲಗ್ ಪಾಯಿಂಟ್ ಎಲ್ಲಿ ಉಂಟು? ಡ್ರೋನಿನ ಬ್ಯಾಟರಿ ಚಾರ್ಜಿಗೆ ಹಾಕ್ಲಿಕ್ಕುಂಟು.”

ಸೆವರಿನ್ನರು ಅಡುಗೆಮನೆಯಲ್ಲಿ ಎರಡನೇ ಸುತ್ತಿನ ಲಿಂಬೆ ಶರಬತ್ತು ಕಲಸುತ್ತಿದ್ದರು. “ಅಲ್ಲೇ ಎಲ್ಲಿಯಾದ್ರೂ ನೋಡಿ,” ಎಂದು ಕೂಗಿ ಹೇಳಿದರು. ಮನೆಯಲ್ಲಿ ಜನ ತುಂಬಿರುವಾಗ ಹೀಗೆ ಒಳಗಿನಿಂದ ಕೂಗಿ ಹೇಳುವುದರಲ್ಲಿ ಒಂದು ಸುಖವಿದೆ, ಅದನ್ನು ಅವರು ಅನುಭವಿಸುತ್ತಿದ್ದರು.

ಒಂದೂಕಾಲಿಗೆ ಹಾಲ್‌ನಿಂದ ಗದ್ದಲ ಕೇಳಿತು.

ಮೀನು ಹೊರಬಂದಿತ್ತು. ಸರ್ರನೆ ಮೇಲೆ, ಬಾಯಿ ತೆರೆದು, ಮತ್ತೆ ಕೆಳಗೆ, ಮತ್ತೆ ಮೇಲೆ. ಹಿಂದಿನ ಮೂರು ಸಲಕ್ಕಿಂತ ಜೋರು. ಹದಿನಾಲ್ಕು ಜನ ಚಪ್ಪಾಳೆ ಹೊಡೆದರು. ವಿಲ್ಲಿ ಕಿಟಕಿಯಿಂದ ಬಿಸಿಲನ್ನು ನೋಡಿ, ಮೀನನ್ನು ನೋಡಿ, ಮೀನಿನ ಪಕ್ಷ ವಹಿಸಿದರು.

“ಶಿಹಾಬ್, ಶೀಟು ಹಾಕು.”

ಸೆವರಿನ್ನರೂ ಶರಬತ್ತಿನ ತಟ್ಟೆ ಹಿಡಿದು ನಗುತ್ತ ನಿಂತಿದ್ದರು. ಆಗ ಅವರಿಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಹಗಲೂ ರಾತ್ರಿ ಆ ಮನೆಯಲ್ಲಿ ಅವರ ಜೊತೆಗಿದ್ದ ಗುಳುಗುಳು ಸದ್ದು ಇರಲಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ಡ್ರೋನಿನ ಚಾರ್ಜರು ಇತ್ತು, ಪಂಪಿನ ವಯರು ನೆಲದಲ್ಲಿ ಬಿದ್ದಿತ್ತು.

ಲೈಬ್ರರಿಯವರ ತಲೆ ನಿಧಾನವಾಗಿ ಹಿಂದಿನ ಪುಟಗಳನ್ನು ತಿರುವಿತು. ಮೊದಲ ದಿನ ಸುಂದರಿಯಕ್ಕ ಬಂದದ್ದು ಕ್ಯಾಂಡಲ್ ಕೇಳಲು. ಎರಡನೇ ಸಲ ಲಿಫ್ಟು ನಿಂತು ಯಾರೋ ಸಿಕ್ಕಿಬಿದ್ದಿದ್ದರು. ಮೂರನೇ ಸಲ ಸುಂದರಿಯಕ್ಕನ ಮಿಕ್ಸಿ ಅರ್ಧದಲ್ಲಿ ನಿಂತು ಚಟ್ನಿ ಕಡೆಯದೆ ಉಳಿದಿತ್ತು. ಮಂಗಳೂರಿನಲ್ಲಿ ಮಳೆ ಬರುವ ಮೊದಲು ಕರೆಂಟು ಹೋಗುತ್ತದೆ, ಇದು ಮಗುವಿಗೂ ಗೊತ್ತು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಪಂಪು ನಿಂತರೆ ಆ ಬಿಸ್ಕಿಟಿನ ನೀರಿನಲ್ಲಿ ಗಾಳಿ ಇರುವುದಿಲ್ಲ. ಮೀನು ಮಳೆಯ ವಿಚಾರ ಹೇಳಲು ಬಂದದ್ದಲ್ಲ. ಅದಕ್ಕೆ ಉಸಿರು ಕಟ್ಟಿತ್ತು, ಅವರು ಶರಬತ್ತು ಹಂಚುತ್ತಿದ್ದರು. ಸೆವರಿನ್ನರಿಗೆ ಒಮ್ಮೆಲೇ ತುಂಬ ನಾಚಿಕೆಯಾಯಿತು.

ಅವರು ತಟ್ಟೆ ಕೆಳಗಿಟ್ಟು, ಚಾರ್ಜರು ತೆಗೆದು, ಪಂಪಿನ ಪ್ಲಗ್ಗು ಹಾಕಿದರು. ಹತ್ತು ನಿಮಿಷದಲ್ಲಿ ಮೀನು ಕೆಳಗಿಳಿದು ಗೆರಟೆ ಸೇರಿತು.

“ಅದ್ಯಾಕೆ ಹಾಕಿದ್ರಿ ಅಂಕಲ್?” ಎಂದ ರುಡೊಲ್ಫ್. “ಆ ಪಂಪಿನ ಗಲಾಟೆಗೇ ಬೆಳಿಗ್ಗೆಯಿಂದ ಅದು ಬಾಯಿ ಬಿಡಲಿಲ್ಲ. ಬಂದ್ ಮಾಡಿದ್ದೇ ಹೇಳಿತು, ನೋಡಿದ್ರಲ್ಲ. ಸಂಜೆವರೆಗೆ ಬಂದ್ ಇಡುವ. ಮಳೆ ಎಷ್ಟು ಗಂಟೆಗೆ ಅಂತ ಗೊತ್ತಾಗ್ತದೆ.”

“ಒಳ್ಳೆ ಐಡಿಯಾ,” ಎಂದರು ವಿಲ್ಲಿ.

ರುಡೊಲ್ಫನ ಕೈ ಪ್ಲಗ್ಗಿನ ಕಡೆಗೆ ಹೋಯಿತು. ಇನ್ನೇನು ಸೆವರಿನ್ನರು ಸುಮ್ಮನಿದ್ದರೆ ಸಾಕಿತ್ತು. ಸಂಜೆಯ ಸಾಲಿನಲ್ಲಿ ಜಾಗವಿತ್ತು, ನಾಳೆಯೂ ಹದಿನಾಲ್ಕು ಜನ ಬರುತ್ತಿದ್ದರು. ಅವರು ಇಸ್ತ್ರಿ ಮಾಡಿದ ಶರ್ಟನ್ನು ಒಮ್ಮೆ ನೋಡಿದರು, ಆಮೇಲೆ ಪ್ಲಗ್ಗಿಗೆ ಅಡ್ಡ ನಿಂತರು.

“ಅದು ಮಳೆಯದ್ದು ಹೇಳಿದ್ದಲ್ಲ. ಅದಕ್ಕೆ ಗಾಳಿ ಸಿಗಲಿಲ್ಲ, ಅದಕ್ಕೆ ಮೇಲೆ ಬಂದದ್ದು. ಮೊದಲಿನ ಮೂರು ಸಲವೂ ಹಾಗೇ. ಕರೆಂಟು ಹೋಗಿತ್ತು.”

ಹಾಲ್ ಲೈಬ್ರರಿಯಷ್ಟು ಮೌನವಾಯಿತು.

“ಹೌದು, ನಾನು ಬಂದದ್ದೇ ಕ್ಯಾಂಡಲ್ ಕೇಳ್ಲಿಕ್ಕೆ,” ಎಂದರು ಸುಂದರಿಯಕ್ಕ, ತಮ್ಮ ಮೇಲೆಯೇ ಸಿಟ್ಟು ಬಂದವರ ಹಾಗೆ.

“ಅಂದ್ರೆ ಇದಕ್ಕೆ ಮಳೆ ಗೊತ್ತಿಲ್ಲ?” ವಿಲ್ಲಿ ಕೇಳಿದರು.

“ಇಲ್ಲ.”

“ಮತ್ತೆ ಇವತ್ತು ಮಳೆ ಬರ್ತದಾ ಇಲ್ವಾ?”

“ನನಗೂ ಗೊತ್ತಿಲ್ಲ ವಿಲ್ಲಿಯಾಬ್.”

ವಿಲ್ಲಿ ಎದ್ದು ನಿಂತರು. “ಒಂದು ವಾರದಿಂದ ನಾವೆಲ್ಲ ಮೆಟ್ಟಿಲು ಹತ್ತಿ ಬರ್ತಾ ಇದ್ದೇವೆ. ಇದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ?” ಎಂದರು. ಕಿಟಕಿಯ ಬಿಸಿಲನ್ನು ಇನ್ನೊಮ್ಮೆ ನೋಡಿ, ಬಾಗಿಲಿಗೆ ಹೋಗಿ ಮೇಲಿನ ತಾರಸಿಗೆ ಕೇಳುವ ಹಾಗೆ, “ಶಿಹಾಬ್, ಶೀಟು ಕೊಂಡೋಗು,” ಎಂದು ಕೂಗಿದರು.

ಜನ ಹೋಗತೊಡಗಿದರು. ಒಬ್ಬರಿಗೆ ಒಲೆಯ ಮೇಲೆ ಹಾಲು, ಒಬ್ಬರಿಗೆ ಮಗುವಿನ ಸ್ನಾನ. ಸುಂದರಿಯಕ್ಕ ಹೋಗುವಾಗ ನೆವ್ರಿಯ ಇನ್ನರ್ಧವನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಂಡುಹೋದರು. ಸಾಲಿನಲ್ಲಿ ನಿಲ್ಲುವ ಮಾತನ್ನು ವಿಲ್ಲಿ ತೆಗೆಯಲಿಲ್ಲ, ಸೆವರಿನ್ನರು ಕೇಳಲಿಲ್ಲ. ಎರಡು ಗಂಟೆಗೆ ಮನೆಯಲ್ಲಿ ಉಳಿದದ್ದು ಹದಿನಾಲ್ಕು ಲೋಟ ಮತ್ತು ಪಂಪಿನ ಸದ್ದು.

ಅವರು ಲೋಟಗಳನ್ನು ತೊಳೆದು, ತೊಟ್ಟಿಯ ನೀರು ಅರ್ಧ ಬದಲಿಸಿ, ಎದುರು ಕುರ್ಚಿ ಹಾಕಿ ಕೂತರು. ಇಷ್ಟು ದಿನ ಮೀನು ಕಾಣದಿದ್ದರೆ ಬೇಸರವಾಗುತ್ತಿತ್ತು. ಇಂದು ಕಾಣದಿರುವುದೇ ಸಮಾಧಾನ. ನೋಟ್‌ಬುಕ್ಕಿನಲ್ಲಿ ಬರೆದರು: ‘ಕಾಣದಿದ್ದರೆ ಚೆನ್ನಾಗಿದೆ ಎಂದರ್ಥ. ಮೇಲೆ ಬಂದು ಕುಣಿದರೆ ಕಷ್ಟದಲ್ಲಿದೆ ಎಂದರ್ಥ.’ ಪೆನ್ನು ಮುಚ್ಚಿ “ಬಾ” ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದರು. ಚೆನ್ನಾಗಿಯೇ ಬಂತು. ಮೂರು ಗಂಟೆಗೆ ಒಲಿಂಡಾಳ ನಂಬರಿಗೆ ಫೋನ್ ಮಾಡಿದರು, ಲಾಕರಿನೊಳಗೆ ಅದು ಹೊಡೆದುಕೊಂಡು ನಿಂತಿತು. ಮೆಸೇಜು ಬರೆದು ಅಳಿಸಿದರು. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಟೈಪು ಮಾಡಿ ಕಳಿಸುವುದು ಸರಿಯಲ್ಲ ಎನ್ನಿಸಿತು. ಎಂಟೂಕಾಲಿಗೆ ಬಾಯಿಯಿಂದಲೇ ಹೇಳಬೇಕು.

ಸಂಜೆ ಐದಕ್ಕೆ ಬಿಳಿ ಶರ್ಟು ಹಾಕಿಕೊಂಡು ತಾರಸಿಗೆ ಹೋಗಿ, ಸಿಂಟೆಕ್ಸ್ ಟ್ಯಾಂಕಿನ ಪಕ್ಕ ನಿಂತರು. ಇನ್ನೂರು ಕುರ್ಚಿ, ಬಣ್ಣದ ಬಲ್ಬು, ಮೇಲೆ ಭರ್ರೆನ್ನುವ ಡ್ರೋನು. ಹೆಂಗಸರು ಮದುವೆಯ ವೊವಿಯೊ ಹಾಡು ಎತ್ತಿಕೊಂಡರು. ಮನೆಯವರ ಸಾಲು ಮುಗಿಯಿತು, ನೆಂಟರ ಸಾಲು ಶುರುವಾಯಿತು, ಅಪಾರ್ಟ್‌ಮೆಂಟಿನವರು ಎದ್ದು ನಿಂತರು. ಸೆವರಿನ್ನರು ಟ್ಯಾಂಕು ಬಿಟ್ಟು ಸಾಲಿನ ಕೊನೆಗೆ ಬಂದರು. ಅವರ ಮುಂದೆ ಇನ್ನು ಆರು ಜನ ಇದ್ದಾಗ ಗಾಳಿ ಬೀಸಿತು. ಸಾಗರ ಕಾಣದಿದ್ದರೂ ಅದರ ಮೇಲಿಂದ ಬಂದ ಮೋಡ ಎಲ್ಲರಿಗೂ ಕಂಡಿತು.

ಮಳೆ ಹನಿಹನಿಯಾಗಿ ಶುರುವಾಗಲಿಲ್ಲ, ಟ್ಯಾಂಕರಿನ ನಲ್ಲಿ ತೆಗೆದ ಹಾಗೆ ಒಮ್ಮೆಲೇ ಸುರಿಯಿತು. ಮದುಮಗಳು, ಹಾಲಿನ ಪಾತ್ರೆ, ಹಾಡುವ ಹೆಂಗಸರು, ಕುರ್ಚಿ ಎಲ್ಲವೂ ಒಂದೇ ಮೆಟ್ಟಿಲಲ್ಲಿ ಕೆಳಗಿಳಿದವು. ಸಿಕ್ಕಿದ ಮೊದಲ ಬಾಗಿಲು ಸೆವರಿನ್ನರದು. ಒಲಿಂಡಾ ಬಂದಮೇಲೆ ಸೋಫಾ ತರುವ ಎಂದು ಹಾಲ್ ಖಾಲಿ ಬಿಟ್ಟಿದ್ದರು, ಅದು ಅನುಕೂಲವೇ ಆಯಿತು. ವಿಲ್ಲಿ ಅವರನ್ನು ಕಂಡು ಬರೀ “ಕೀ” ಎಂದು ಕೈ ಚಾಚಿದರು.

ಜನ ಎಷ್ಟು ತುಂಬಿದರೆಂದರೆ ಮನೆಯ ಯಜಮಾನರಿಗೆ ಒಳಗೆ ಜಾಗ ಇರಲಿಲ್ಲ. ಅವರು ಹೊರಗೆ ಮೆಟ್ಟಿಲ ಹತ್ತಿರ, ಚಪ್ಪಲಿಗಳ ನಡುವೆ, ನೆನೆದ ಶರ್ಟಿನಲ್ಲಿ ನಿಂತರು. ಒಳಗಿನ ಮಾತು ಸರಿಯಾಗಿಯೇ ಕೇಳುತ್ತಿತ್ತು.

“ಮೀನು ಸರಿಯಾಗಿಯೇ ಹೇಳಿತ್ತು,” ಎನ್ನುತ್ತಿದ್ದರು ಸುಂದರಿಯಕ್ಕ. “ನಡುವೆ ಇವರು ಬಾಯಿ ಹಾಕಿದ್ದು.”

“ಶೀಟು ಹಾಕಿ ಆಗಿತ್ತು. ಇವನ ಮಾತು ಕೇಳಿ ನಾನು ತೆಗೆಸಿದೆ,” ಎಂದರು ವಿಲ್ಲಿ. “ಎಂಥ ಮೀನು, ಎಂಥವನ ಕೈಗೆ ಸಿಕ್ಕಿತು ನೋಡಿ.”

ಅಷ್ಟರಲ್ಲಿ ಕರೆಂಟು ಹೋಯಿತು. ‘ಸಾಗರ್ ದರ್ಶನ್’ನ ಜನರೇಟರು ಕಳೆದ ಕ್ರಿಸ್ಮಸ್ಸಿನಿಂದ ರಿಪೇರಿಯಲ್ಲಿದೆ. ಮೊಬೈಲುಗಳ ಬೆಳಕು ಮದುಮಗಳ ಮೇಲೆ ಬಿತ್ತು, ಹಾಡು ಮುಂದುವರಿಯಿತು. ಸೆವರಿನ್ನರಿಗೆ ಮಾತ್ರ ಪಂಪು ನಿಂತದ್ದು ಕೇಳಿತು. ಅಷ್ಟು ಜನರ ಉಸಿರಿನ ಸೆಕೆಗೆ ನೀರು ಬಿಸಿಯಾಗುತ್ತದೆ, ಯಾರ್‍ಯಾರು ಎಂತ ಹಾಕಿದ್ದಾರೋ ಏನೋ. ಹತ್ತು ನಿಮಿಷ ಕಾದರು, ಕರೆಂಟು ಬರಲಿಲ್ಲ. ಅವರು ಒಳಗೆ ನುಗ್ಗಿದರು.

“ಎಲ್ಲಿಗೆ? ಸಾಲು ಉಂಟು,” ಎಂದಿತು ಒಂದು ಧ್ವನಿ. “ಇವರಿಗೆ ರೋಸ್ ಹಾಕ್ಲಿಕ್ಕೆ ಬೇರೆ ಅರ್ಜೆಂಟು,” ಎಂದಿತು ಇನ್ನೊಂದು. ಸೆವರಿನ್ನರು ಯಾರದೋ ಕಾಲು ತುಳಿದು, ಯಾರದೋ ಮೊಣಕೈ ತಿಂದು, ಬಚ್ಚಲಿನಿಂದ ಒಂದು ಮಗ್ಗು ತಂದು ತೊಟ್ಟಿಯ ಹತ್ತಿರ ತಲುಪಿದರು. ಮೀನು ಆಗಲೇ ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಪಂಪು ಇಲ್ಲದಾಗ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹೊಯ್ಯಬೇಕೆಂದು ಪುಸ್ತಕದಲ್ಲಿ ಓದಿದ್ದರು. ಮೊಗೆದರು, ಕೈ ಎತ್ತಿ ಹೊಯ್ದರು. ಮತ್ತೆ ಮೊಗೆದರು.

ಹಾಲ್‌ನ ನಡುವೆ ಇನ್ನೂರು ಜನ ಮತ್ತೆ ಮೊದಲಿನಿಂದ ಸರದಿಯಲ್ಲಿ ಶರೊನ್‌ಳ ತಲೆಗೆ ತೆಂಗಿನ ಹಾಲು ಹಾಕುತ್ತಿದ್ದರು. ಮೂಲೆಯ ಕತ್ತಲೆಯಲ್ಲಿ ಸೆವರಿನ್ನರು ಬೆರಳುದ್ದದ ಮುಗುಡಿಗೆ ಮಗ್ಗು ಮಗ್ಗಾಗಿ ನೀರು ಹಾಕುತ್ತಿದ್ದರು. ಮುಕ್ಕಾಲು ಗಂಟೆ ಹಾಗೆ ನಡೆಯಿತು. ಭುಜ ನೋಯುತ್ತಿತ್ತು, ಸೆಕೆಗೆ ಅವರಿಗೂ ಉಸಿರು ಸಿಗದೆ ಬಾಯಿ ದೊಡ್ಡದಾಗಿ ತೆರೆದಿದ್ದರು. ಆಗ ಒಮ್ಮೆ ರುಡೊಲ್ಫನ ಮೊಬೈಲು ಫಕ್ಕೆಂದು ಮಿಂಚಿತು.

“ಮೀನಿಗೂ ರೋಸಂತೆ,” ಎಂದ ಅವನು. ಎಲ್ಲರೂ ನಕ್ಕರು. ಸೆವರಿನ್ನರು ಮೊಗೆಯುವುದನ್ನು ನಿಲ್ಲಿಸಲಿಲ್ಲ.

ಏಳು ಗಂಟೆಗೆ ಕರೆಂಟು ಬಂತು. ಮಳೆಯೂ ನಿಂತಿತು. ಮೀನು ಗೆರಟೆಗೆ ಹೋಯಿತು, ಜನ ಮೂರನೇ ಮಹಡಿಗೆ ಊಟಕ್ಕೆ ಹೋದರು. ವಿಲ್ಲಿ ಬಾಗಿಲಲ್ಲಿ ನಿಂತು, “ಮೀನಿನ ಹತ್ರ ಸಾರಿ ಕೇಳಿದ್ದು ಒಳ್ಳೆದಾಯ್ತು ಸೆವ್ರಿನಾ. ಇನ್ನು ಅದು ಹೇಳುವಾಗ ಅಡ್ಡ ಮಾತಾಡ್ಬೇಡ,” ಎಂದರು. ಊಟಕ್ಕೆ ಬನ್ನಿ ಎಂದು ಎಲ್ಲರಿಗೂ ಒಟ್ಟಾಗಿ ಹೇಳಿದ್ದರಲ್ಲಿ ತಾನೂ ಸೇರಿದ್ದೇನೋ ಇಲ್ಲವೋ ಎಂದು ಸೆವರಿನ್ನರಿಗೆ ಗೊತ್ತಾಗಲಿಲ್ಲ. ಹೇಗೂ ಎಂಟೂಕಾಲಿಗೆ ಫೋನು ಬರುವುದಿತ್ತು. ಅವರು ಉಳಿದು, ನೆಲದ ತೆಂಗಿನ ಹಾಲನ್ನು ನಾಲ್ಕು ಬಕೆಟ್ ನೀರು ಹಾಕಿ ಒರೆಸಿದರು.

ಎಂಟೂಕಾಲಿಗೆ ಸರಿಯಾಗಿ ಫೋನು ಹೊಡೆಯಿತು. ಸೆವರಿನ್ನರು ಕೈ ಒರೆಸಿಕೊಂಡು, ಕುರ್ಚಿಯಲ್ಲಿ ನೇರ ಕೂತು ಎತ್ತಿದರು.

“ಬಾ—”

“ಕೇಳ್ತದಾ? ನಾನು ಮೊದಲು ಹೇಳ್ತೇನೆ,” ಎಂದಳು ಒಲಿಂಡಾ. ಅವಳ ಧ್ವನಿಯಲ್ಲಿ ಅಷ್ಟು ಖುಷಿ ಕೇಳಿ ಎಷ್ಟೋ ವರ್ಷವಾಗಿತ್ತು. “ಲಾಕರ್ ತೆಗೆದದ್ದೇ ಶರೊನ್‌ಳ ಮದುವೆಯ ಗ್ರೂಪಿನಲ್ಲಿ ಫೋಟೊ ನೋಡಿದೆ. ಅದು ನಮ್ಮ ಮನೆಯಾ? ಕಾಲಿಡ್ಲಿಕ್ಕೆ ಜಾಗ ಇಲ್ಲ ಮಾರಾಯ. ವಿಲ್ಲಿಯಾಬ್ ಇದ್ದಾರೆ, ಸುಂದರಿಯಕ್ಕ ಇದ್ದಾರೆ. ಮತ್ತೆ ನೀನು, ಅಷ್ಟು ಜನರ ಮಧ್ಯೆ ಕೈ ಎತ್ತಿಕೊಂಡು, ಇಷ್ಟು ದೊಡ್ಡ ಬಾಯಿ ತೆಗೆದು ನಗ್ತಾ ಇದ್ದಿ. ನಮ್ಮ ಮದುವೆಯ ಆಲ್ಬಮಿನಲ್ಲೂ ನೀನು ಹಾಗೆ ನಗಲಿಲ್ಲ.”

ಸೆವರಿನ್ನರ ಕಣ್ಣು ತೊಟ್ಟಿಯ ಪಕ್ಕದ ಮಗ್ಗಿನ ಮೇಲೆ ಹೋಯಿತು.

“ನಿಜ ಹೇಳ್ತೇನೆ, ನೀನು ಒಬ್ಬನೇ ಕೂತ್ಕೊಂಡಿರ್ತಿ ಅಂತ ನನಗೆ ನಿದ್ದೆ ಬರ್ತಾ ಇರ್ಲಿಲ್ಲ. ಬಂದುಬಿಡುವ ಅಂತಲೇ ಇದ್ದೆ. ಈಗ ಸಮಾಧಾನ ಆಯ್ತು. ಆಫೀಸು ಮುಚ್ಚುವ ಮೊದಲು ಓಡಿಹೋಗಿ ಸೈನ್ ಹಾಕಿ ಕೊಟ್ಟು ಬಂದೆ. ಎರಡು ವರ್ಷ ಅಲ್ವಾ, ಹೀಗೆ ಅನ್ನುವುದರೊಳಗೆ ಹೋಗ್ತದೆ. ನೀನು ಎಂತದೋ ಹೇಳ್ಲಿಕ್ಕೆ ಹೊರಟದ್ದು?”

“ಎಂತ ಇಲ್ಲ,” ಎಂದರು ಸೆವರಿನ್ನರು. “ಬಾಕಿ ಎಲ್ಲ ಆರಾಮ ಅಂತ ಹೇಳ್ಲಿಕ್ಕೆ.”

ಫೋನು ಇಟ್ಟ ಮೇಲೆ ಫೋಟೊ ತೆರೆದು ನೋಡಿದರು. ಅವಳು ಹೇಳಿದ್ದು ಹೌದು, ಗೊತ್ತಿಲ್ಲದವರಿಗೆ ಅದು ನಗುವ ಹಾಗೆಯೇ ಕಾಣುತ್ತಿತ್ತು. ಕೆಳಗಿನ ಮಹಡಿಯಲ್ಲಿ ಬ್ಯಾಂಡಿನವರು ಶುರುಮಾಡಿದ್ದರು. ಸೆವರಿನ್ನರು ಪಂಪಿನ ಪ್ಲಗ್ಗನ್ನು ಒಮ್ಮೆ ಒತ್ತಿ, ಗಟ್ಟಿಯಾಗಿದೆಯೇ ಎಂದು ನೋಡಿ, ಹಾಲ್‌ನ ದೀಪ ಆರಿಸಿ, ತಮ್ಮ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.